10 ಮಿಲಿಗ್ರಾಂ ದಾಟೋಕೆ ಪಟ್ಟ ಪಾಡು

ಸ್ಟೀರಾಯ್ಡ್ ಮೇಲೆ ನನಗೇನೂ ದ್ವೇಷ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಅಲ್ಸರೇಟಿವ್ ಕೊಲೈಟಿಸ್ ನನ್ನ ಕಾಯಿಲೆ. ದಿನಕ್ಕೆ ಹತ್ತು ಹನ್ನೆರಡು ಸಲ ಟಾಯ್ಲೆಟ್ಟಿಗೆ ಓಡಿ, ರಕ್ತ ನೋಡಿ ನೋಡಿ ಸೋತಿದ್ದವನು ನಾನು. ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಶುರುವಾದ ನಾಲ್ಕನೇ ದಿನ ಅನ್ನ ಸಾರು ಉಂಡು ಬೆಳಗಿನ ತನಕ ಎದ್ದೇಳದೆ ಮಲಗಿದ್ದೆ. ಕಷ್ಟ ಇರೋದು ಇಳಿಸುವಾಗ. ವಾರಕ್ಕೆ 5ರಂತೆ ಇಳಿಸಬೇಕು. 20ರ ತನಕ ಸಲೀಸು. 15ಕ್ಕೆ ಹೊಟ್ಟೆಯಲ್ಲಿ ಗುಡುಗುಡು. 10ಕ್ಕೆ ಬರುತ್ತಿದ್ದ ಹಾಗೆ ಮತ್ತೆ ರಕ್ತ, ಮತ್ತೆ 40. ಹೀಗೆ ಮೂರು ಸಲ.

ಮೂರು ತಿಂಗಳಾದರೂ 10ಕ್ಕಿಂತ ಕೆಳಗೆ ಇಳಿಸಲು ಆಗದಿದ್ದರೆ, ಅಥವಾ ನಿಲ್ಲಿಸಿದ ಮೂರು ತಿಂಗಳೊಳಗೆ ಕಾಯಿಲೆ ವಾಪಸ್ ಬಂದರೆ, ಡಾಕ್ಟರುಗಳು ಅದನ್ನು ಸ್ಟೀರಾಯ್ಡ್ ಅವಲಂಬನೆ ಅಂತಾರೆ. ಚಟ ಅಲ್ಲ ಇದು. ಕರುಳಿನ ಉರಿಯೂತ ಆರಿಲ್ಲ, ಮಾತ್ರೆ ಅದರ ಮೇಲೆ ಮುಚ್ಚಳ ಇಟ್ಟಿದೆ, ಅಷ್ಟೇ. ಆ ಮಾತ್ರೆಯಿಂದ ಮುಖವೋ ಬನ್ ಥರ ಊದಿತ್ತು. ಊರಿಗೆ ಹೋದರೆ ‘ಈಗ ಮೈಕೈ ತುಂಬಿಕೊಂಡಿದ್ದೀಯ’ ಅಂತ ಸಂತೋಷಪಡುತ್ತಿದ್ದರು!

ಆಗ ಶುರುವಾಯಿತು ಬದಲಿ ಮದ್ದಿನ ಹುಡುಕಾಟ. ಯಾರೋ ಕೊಡಿಸಿದ ಹೆಸರಿಲ್ಲದ ಪೊಟ್ಟಣದ ಪುಡಿ ಮೂರೇ ದಿನಕ್ಕೆ ರಕ್ತ ನಿಲ್ಲಿಸಿತು. ಖುಷಿಯಾಗಬೇಕಿತ್ತು ಅಲ್ವಾ? ಆದರೆ ಅದರ ಜೊತೆಗೇ ರಾತ್ರಿ ಎರಡು ಗಂಟೆಗೆ ಎದ್ದು ಡಬ್ಬ ತಡಕಾಡಿಸುವ ಆ ಹಸಿವೂ ಬಂತು. ಸ್ಟೀರಾಯ್ಡ್ ತಿನ್ನುವಾಗ ಬರುತ್ತಿದ್ದ ಆ ಹಸಿವಿನ ಪರಿಚಯ ನನಗೆ ಚೆನ್ನಾಗಿತ್ತು. ಪುಡಿಯಲ್ಲಿ ಏನಿತ್ತೋ, ನಾನು ಪರೀಕ್ಷೆ ಮಾಡಿಸಲಿಲ್ಲ. ಅನುಮಾನ ಬಂತು, ಬಿಸಾಡಿದೆ.

ಅರಿಶಿನದ ಕಥೆ ಬೇರೆ. 2006ರಲ್ಲಿ ಜಪಾನಿನಲ್ಲಿ ಒಂದು ಅಧ್ಯಯನ ನಡೆಯಿತು. ಅಲ್ಸರೇಟಿವ್ ಕೊಲೈಟಿಸ್ ಹತೋಟಿಯಲ್ಲಿದ್ದ 89 ಜನರಿಗೆ ಮಾಮೂಲಿ ಮಾತ್ರೆಯ ಜೊತೆ ಆರು ತಿಂಗಳು ಒಂದೋ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ (ಅರಿಶಿನದಲ್ಲಿರುವ ಹಳದಿ ಅಂಶ), ಇಲ್ಲವೇ ಸುಳ್ಳು ಮಾತ್ರೆ ಕೊಟ್ಟರು. ಕಾಯಿಲೆ ಮರಳಿದ್ದು ಕರ್ಕ್ಯುಮಿನ್ ಗುಂಪಿನಲ್ಲಿ ಸುಮಾರು 5%, ಇನ್ನೊಂದರಲ್ಲಿ 20%. ಚಿಕ್ಕ ಅಧ್ಯಯನ, ಆದರೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಇದನ್ನು ಓದಿ ಬೆಳಿಗ್ಗೆ ಸಂಜೆ ಅರಿಶಿನದ ಹಾಲು ಕುಡಿಯಲು ಹೊರಟಿದ್ದೆ. ಅಡುಗೆಮನೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು 3% ಆಸುಪಾಸು. 2 ಗ್ರಾಂ ಬೇಕೆಂದರೆ ದಿನಕ್ಕೆ 60 ಗ್ರಾಂಗೂ ಜಾಸ್ತಿ ಪುಡಿ ತಿನ್ನಬೇಕು! ಕೊನೆಗೆ ಡಾಕ್ಟರಿಗೆ ಹೇಳಿ ಕ್ಯಾಪ್ಸೂಲ್ ತಗೊಂಡೆ. ಹೇಳದೆ ತಗೋಬೇಡಿ, ಲಿವರ್‌ಗೆ ಪೆಟ್ಟು ಬಿದ್ದವರೂ ಇದ್ದಾರೆ, ಅದರಲ್ಲೂ ಕರಿಮೆಣಸಿನ ಸಾರ ಸೇರಿಸಿದ್ದರಲ್ಲಿ. ನೀಲಿ ಬಣ್ಣ ಕೊಡುವ ಇಂಡಿಗೊ ಗಿಡದಿಂದ ತೆಗೆಯುವ ಚೀನಾದ ಚಿಂಗ್ ದಾಯ್ ಪುಡಿಯೂ ಹೀಗೇ. ಕೆಲಸ ಮಾಡುತ್ತದೆ, ನಿಜ. ಆದರೆ ಅದನ್ನು ತಗೊಂಡ ಕೆಲವರಿಗೆ ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿ, 2016ರಲ್ಲಿ ಜಪಾನ್ ಸರ್ಕಾರವೇ ಎಚ್ಚರಿಕೆ ಕೊಟ್ಟಿತು.

ನನ್ನನ್ನು 10ರಿಂದ ಕೆಳಗೆ ಇಳಿಸಿದ್ದು ಮಾತ್ರ ಇದ್ಯಾವುದೂ ಅಲ್ಲ, ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್. ಹಳೇ ಮಾತ್ರೆ, ನಿಧಾನದ ಮಾತ್ರೆ. ಪೂರ್ತಿ ಕೈಹಿಡಿಯಲು ಎರಡು ಮೂರು ತಿಂಗಳು ಬೇಕು, ಅಲ್ಲಿಯ ತನಕ ಸ್ಟೀರಾಯ್ಡೇ ತಡೆದು ನಿಲ್ಲಬೇಕು. ನನಗೆ ಇದು ಮೊದಲೇ ಗೊತ್ತಿರಲಿಲ್ಲ. ಒಂದು ತಿಂಗಳಿಗೇ ‘ಇದೂ ದಂಡ’ ಅಂತ ನಿಲ್ಲಿಸುವುದರಲ್ಲಿದ್ದೆ. ಶುರು ಮಾಡುವ ಮುಂಚೆ ಎನ್‌ಯುಡಿಟಿ15 ಅನ್ನುವ ಜೀನ್ ಪರೀಕ್ಷೆ ಆಯಿತು. ಆ ಜೀನ್‌ನಲ್ಲಿ ವ್ಯತ್ಯಾಸ ಇದ್ದವರಿಗೆ ಈ ಮಾತ್ರೆಯಿಂದ ಬಿಳಿ ರಕ್ತಕಣ ದಿಢೀರ್ ಕುಸಿಯಬಹುದು, ಕೂದಲು ಗೊಂಚಲು ಗೊಂಚಲಾಗಿ ಉದುರಬಹುದು, ಮತ್ತು ಏಷ್ಯಾದವರಲ್ಲೇ ಈ ವ್ಯತ್ಯಾಸ ಜಾಸ್ತಿ. ಅಜಥಯೋಪ್ರಿನ್ ಒಗ್ಗದವರಿಗೆ ಇನ್ಫ್ಲಿಕ್ಸಿಮ್ಯಾಬ್, ವೆಡೊಲಿಜುಮ್ಯಾಬ್, ಟೊಫಾಸಿಟಿನಿಬ್ ಅನ್ನುವ ಬೇರೆ ಮದ್ದುಗಳಿವೆ. ಬೆಲೆ ಕೇಳಿದರೆ ಮೊದಲೆರಡು ಬೆವರಿಳಿಸುತ್ತವೆ. ಟೊಫಾಸಿಟಿನಿಬ್‌ಗೆ ನಮ್ಮಲ್ಲೇ ಜೆನೆರಿಕ್ (ಅದೇ ಮದ್ದು, ಕಡಿಮೆ ಬೆಲೆಗೆ) ಸಿಗುತ್ತದೆ. ಇನ್ಫ್ಲಿಕ್ಸಿಮ್ಯಾಬ್, ಟೊಫಾಸಿಟಿನಿಬ್ ಎರಡಕ್ಕೂ ಮುಂಚೆ ಕ್ಷಯ ಇದೆಯಾ ಅಂತ ನೋಡಲೇಬೇಕು. ಲುಧಿಯಾನದ ದಯಾನಂದ ಮೆಡಿಕಲ್ ಕಾಲೇಜಿನಲ್ಲಿ ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಹಾಕುವ ಚಿಕಿತ್ಸೆಯ ಮೇಲೂ ಅಧ್ಯಯನ ನಡೆದಿದೆ. ಮುಖ ಸಿಂಡರಿಸಬೇಡಿ, ಈ ಕಾಯಿಲೆ ಬಂದವರಿಗೆ ಹೇಸಿಗೆ ಅನ್ನೋದು ಎಂದೋ ಬಿಟ್ಟುಹೋಗಿರುತ್ತದೆ.

10 ದಾಟಿದ ಮೇಲೆ ವಾರಕ್ಕೆ 5 ಅಲ್ಲ, ಎರಡು ವಾರಕ್ಕೆ 2.5. ತರಕಾರಿ ಚಾಕುವಿನಲ್ಲಿ 5ರ ಮಾತ್ರೆ ಕತ್ತರಿಸಿದರೆ ಅರ್ಧ ಪುಡಿಯಾಗುತ್ತಿತ್ತು, ಆಮೇಲೆ ಬ್ಲೇಡ್ ಇಟ್ಟುಕೊಂಡೆ. 2.5ಕ್ಕೆ ಬಂದಾಗ ಕೀಲು ನೋವು, ಮೆಟ್ಟಿಲು ಹತ್ತಲಾಗದಷ್ಟು ಸುಸ್ತು. ಮುಗಿಯಿತು, ಕಾಯಿಲೆ ವಾಪಸ್ ಬಂತು ಅಂದುಕೊಂಡೆ. ಕರುಳಿನಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಮಾಡಿಸಿದರೆ ನಾರ್ಮಲ್. ಕರುಳು ಸರಿಯಾಗಿಯೇ ಇತ್ತು. ತಿಂಗಳುಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಸಿಕ್ಕಿ, ಮೈ ತಾನೇ ಮಾಡಿಕೊಳ್ಳುವುದನ್ನು ಮರೆತಿತ್ತು. ಇದೇ ಕಾರಣಕ್ಕೆ ಒಮ್ಮೆಗೇ ನಿಲ್ಲಿಸಬಾರದು, ಜೀವಕ್ಕೇ ಕುತ್ತು ಬರುತ್ತದೆ. ಡಾಕ್ಟರು 2.5ರಲ್ಲೇ ಇನ್ನೊಂದು ತಿಂಗಳು ಇಟ್ಟರು.

ಸೊನ್ನೆಗೆ ಬಂದು ಈಗ ಏಳು ತಿಂಗಳು. ಸೋದರತ್ತೆ ಹೊಟ್ಟೆ ಕೆಟ್ಟರೆ ಮನೆಮದ್ದಾಗಿ ಬಳಸುವ ಕೊಡಸಿಗೆ ಹೂವು ಒಣಗಿಸಿ ಕಳಿಸಿದ್ದಾರೆ, ‘ಅದರಿಂದಲೇ ನಿನಗೆ ವಾಸಿಯಾಗಿದ್ದು’ ಅಂತ ಫೋನಿನಲ್ಲಿ ವಾದ ಬೇರೆ. ನಾನು ತುಪ್ಪದಲ್ಲಿ ಹುರಿದು, ಕಾಯಿ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ ಉಣ್ಣುತ್ತೇನೆ. ಸ್ವಲ್ಪ ಕಹಿ, ಆದರೆ ಬಿಸಿ ಅನ್ನಕ್ಕೆ ಭಾರೀ ರುಚಿ.