ಬೈಕಿನ ಮೇಲೆ ಬಿಲ್ಲು, ಹೊಲದಲ್ಲಿ ಒಲೆ

ಕಲಬುರಗಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರ್ ಬಿಚ್ಚಬೇಕು, ತಾಮ್ರದ ತಂತಿ ಸುತ್ತಬೇಕು, ವಾರ್ನಿಶ್ ಹಾಕಿ ಒಣಗಿಸಬೇಕು. ಇಂಥವನಿಗೆ ಬಿಲ್ಲು ಬಾಣ ಯಾಕೆ ಅಂತ ಹೆಂಡತಿಯಿಂದ ಹಿಡಿದು ಪಕ್ಕದ ಚಹಾ ಅಂಗಡಿಯವರ ತನಕ ಎಲ್ಲರೂ ಕೇಳಿದ್ದಾರೆ. 2023ರ ಆಗಸ್ಟಿನಲ್ಲಿ ಬರ್ಲಿನ್‌ನಲ್ಲಿ ಸಾತಾರಾದ ಹುಡುಗಿ ಅದಿತಿ ಸ್ವಾಮಿ 17ನೇ ವಯಸ್ಸಿಗೇ ಬಿಲ್ಲುಗಾರಿಕೆಯಲ್ಲಿ ವಿಶ್ವ ಚಾಂಪಿಯನ್ ಆದಳು. ಅದನ್ನು ಮೊಬೈಲಿನಲ್ಲಿ ನೋಡಿದೆ. ಸಾತಾರಾ ಏನು ಪರದೇಶವಾ? ಸೊಲ್ಲಾಪುರ ದಾಟಿ ಇನ್ನಷ್ಟು ಹೋದರೆ ಬಂತು. ಅಲ್ಲಿಂದ ಬಿಲ್ಲಿನ ಹುಚ್ಚು ಹಿಡಿಯಿತು. ಬೈಕು, ಟೆಂಟಿನ ಹುಚ್ಚು ಮೊದಲೇ ಇತ್ತು.

ಟೆಂಟ್ ಅಂದರೆ ಸಾಕು, ಗೆಳೆಯರು ಚಿಂಚೋಳಿ ಕಾಡಿಗೆ ಹೋಗೋಣ ಅನ್ನುತ್ತಾರೆ. ಚಂದ್ರಂಪಳ್ಳಿ ಡ್ಯಾಮಿನ ಫೋಟೊ ನೋಡಿದ ಯಾರಿಗೂ ಹಾಗೆ ಅನ್ನಿಸುತ್ತದೆ. ಆದರೆ ಅದು 2011ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಯಾವುದೆಲ್ಲ ಆಯುಧ ಅಂತ ಪಟ್ಟಿ ಇದೆ. ಬಂದೂಕು, ಚಾಕು, ಬಲೆ, ಉರುಲು, ಅವುಗಳ ಜೊತೆ ಬಿಲ್ಲು ಬಾಣವೂ ಇದೆ. ಲಿಖಿತ ಅನುಮತಿ ಇಲ್ಲದೆ ಅದನ್ನು ಹಿಡಿದು ಒಳಗೆ ಕಾಲಿಡುವಂತಿಲ್ಲ. ಬೆಂಕಿ ಹಚ್ಚುವುದಂತೂ ಬೇಡವೇ ಬೇಡ. ಅದು ಒಣ ಕಾಡು. ಚಳಿಗಾಲ ಮುಗಿಯುವ ಹೊತ್ತಿಗೆ ನೆಲದ ತುಂಬ ತರಗೆಲೆ, ಒಂದು ಕಿಡಿ ಸಾಕು. ತೋಳ, ಕತ್ತೆಕಿರುಬ ಇರುವ ಜಾಗ. ಬಿಲ್ಲು ಮನೆಯಲ್ಲಿಟ್ಟು ಹಗಲು ಹೋಗಿ ನೋಡಿ ಬನ್ನಿ, ಚೆನ್ನಾಗಿದೆ.

ನಾನು ಮಲಗುವುದು ಹೊಲದಲ್ಲಿ. ಅದೂ ಪರಿಚಯದವರ ಹೊಲದಲ್ಲಿ. ಮೋಟರ್ ರಿಪೇರಿಯಿಂದ ಬಂದ ಲಾಭ ಇದೊಂದೇ ಅನ್ನಬೇಕು. ಸೇಡಂ, ಚಿತ್ತಾಪುರ, ಕಮಲಾಪುರ, ಚಿಂಚೋಳಿ, ಯಾವ ಕಡೆ ಹೋದರೂ ನನ್ನ ಕೈಯಲ್ಲಿ ಮೋಟರ್ ಸುತ್ತಿಸಿಕೊಂಡವರು ಒಬ್ಬರಾದರೂ ಸಿಗುತ್ತಾರೆ. ಚಿಂಚೋಳಿ ಕಡೆ ಒಬ್ಬ ಮುತ್ಯಾ, ಅಂದರೆ ಅಜ್ಜ, ಇದ್ದಾನೆ. ಮೊದಲ ಸಲ ಟೆಂಟ್ ಬಿಚ್ಚಿದಾಗ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದ. "ಯಾಕೋ ತಮ್ಮಾ, ಮನ್ಯಾಗ ಹೆಂಡ್ತಿ ಜೋಡಿ ಜಗಳ ಆಗ್ಯಾದೇನು?" ಅಂದ. ಇಲ್ಲ ಮುತ್ಯಾ, ಸುಮ್ನೆ ಬಂದೆ ಅಂದೆ. ಅವನು ಇವತ್ತಿಗೂ ನಂಬಿಲ್ಲ.

ನಮ್ಮ ಕಡೆ ಇದಕ್ಕೆಲ್ಲ ಕಾಲ ನವೆಂಬರಿನಿಂದ ಫೆಬ್ರವರಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದ ಮೇಲೆ ಟೆಂಟಿನೊಳಗೆ ಮಲಗುವ ಮಾತೇ ಇಲ್ಲ. ಮಳೆಗಾಲದಲ್ಲಿ ಎರಿ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಬೈಕು ಅಲ್ಲಾಡುವುದಿಲ್ಲ. ಎರಿ ಹೊಲದಲ್ಲಿ ಒಣ ದಿನದಲ್ಲೂ ಸೈಡ್ ಸ್ಟ್ಯಾಂಡಿನ ಕೆಳಗೆ ಒಂದು ಫರ್ಸಿ ಕಲ್ಲಿನ ತುಂಡು ಇಡಬೇಕು, ಇಲ್ಲದಿದ್ದರೆ ಬೆಳಿಗ್ಗೆ ಬೈಕು ಮಲಗಿರುತ್ತದೆ. ಚಿಂಚೋಳಿ ಕಡೆಯ ಕೆಂಪು ನೆಲದಲ್ಲಿ ಆ ತೊಂದರೆ ಇಲ್ಲ. ಅಲ್ಲಿ ಟೆಂಟಿನ ಗೂಟವೇ ಇಳಿಯುವುದಿಲ್ಲ.

ಬೈಕು ಅಂದರೆ ಹಳೆಯ 100 ಸಿಸಿ ಸ್ಪ್ಲೆಂಡರ್. ದೊಡ್ಡ ಗಾಡಿ ಬೇಕೇ ಬೇಕು ಅನ್ನುವವರ ಜೊತೆ ನನಗೆ ವಾದವಿಲ್ಲ. ನನ್ನ ಸಾಮಾನು ಇದರ ಮೇಲೆ ಹಿಡಿಸುತ್ತದೆ, ಅಷ್ಟೇ. ಹಗ್ಗಕ್ಕಿಂತ ಹಳೆಯ ಟ್ಯೂಬ್ ಕೊಯ್ದು ಮಾಡಿದ ಪಟ್ಟಿ ಮೇಲು. ಬಿಗಿ ಸಡಿಲುವುದಿಲ್ಲ, ಬಣ್ಣ ಕೀಳುವುದಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಎಲ್ಲೆಲ್ಲೂ ಇರುವುದರಿಂದ ಒಂದು ಟ್ಯೂಬು, ಗಾಳಿ ಪಂಪು ಜೊತೆಗಿರಲೇಬೇಕು.

ಬಿಲ್ಲು ತುದಿಗಳು ಹೊರಕ್ಕೆ ಬಾಗಿದ ರಿಕರ್ವ್ ಜಾತಿಯದು. ನಡುವಿನ ಹಿಡಿ, ಮೇಲೊಂದು ಕೆಳಗೊಂದು ರೆಕ್ಕೆ, ಹೀಗೆ ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ಪೂರ್ತಿ ಜೋಡಿಸಿದರೆ ನನ್ನ ಎತ್ತರ, ಬಿಚ್ಚಿದರೆ ಚೀಲದೊಳಗೆ. ಬಾಣಗಳಿಗೆ ಬೋರ್‌ವೆಲ್ ಕೆಲಸದಲ್ಲಿ ಉಳಿದ ಪಿವಿಸಿ ಪೈಪು, ಎರಡೂ ಕಡೆ ಕ್ಯಾಪು. ಅದನ್ನು ಸೈಲೆನ್ಸರ್ ಇಲ್ಲದ ಬದಿಗೆ ಕಟ್ಟಬೇಕು, ಬಿಸಿಗೆ ಬಾಣದ ಪ್ಲಾಸ್ಟಿಕ್ ಪುಕ್ಕ ಸೊಟ್ಟಗಾಗುತ್ತದೆ. ನನ್ನ ಬಿಲ್ಲು 26 ಪೌಂಡಿನದು. 28 ಇಂಚು ಎಳೆದಾಗ ಬೆರಳಿಗೆ ಬೀಳುವ ಭಾರ ಅದು, ಹೆಚ್ಚುಕಡಿಮೆ 12 ಕಿಲೊ. ಒಲಿಂಪಿಕ್ಸಿನಲ್ಲಿ 70 ಮೀಟರ್ ದೂರದಿಂದ ಹೊಡೆಯುತ್ತಾರೆ, ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್. ನಾನು 18 ಮೀಟರಿನಲ್ಲೇ ಸುಖವಾಗಿದ್ದೇನೆ.

ಹೊಸಬರಿಗೆ ಬಿಲ್ಲು ಕೊಟ್ಟರೆ ಮೊದಲು ಮಾಡುವ ಕೆಲಸ ಬಾಣ ಇಲ್ಲದೆ ಹೆದೆ ಎಳೆದು ಬಿಡುವುದು. ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಬಲ ರೆಕ್ಕೆಗೇ ವಾಪಸ್ ಬಂದು ಅದು ಸೀಳಬಹುದು. ನೀರಿಲ್ಲದ ಬೋರಿನಲ್ಲಿ ಸಬ್‌ಮರ್ಸಿಬಲ್ ಓಡಿಸಿದ ಹಾಗೆ ಅಂತ ನಾನು ನಮ್ಮ ಗಿರಾಕಿಗಳಿಗೆ ಹೇಳುತ್ತೇನೆ. ತಕ್ಷಣ ತಿಳಿಯುತ್ತದೆ.

ಗುರಿಗೆ ಏನಿಡುವುದು? ಕಣಿಕೆಯ, ಅಂದರೆ ಒಣಗಿದ ಜೋಳದ ದಂಟಿನ, ಬಣವೆ ಕಣ್ಣೆದುರಿಗೇ ಇರುತ್ತದೆ, ಬಾಣ ನಿಲ್ಲಿಸಲು ಹೇಳಿ ಮಾಡಿಸಿದ ಹಾಗಿರುತ್ತದೆ. ಅದರ ಗೊಡವೆಗೆ ಹೋಗುವುದಿಲ್ಲ. ಮುರಿದ ಬಾಣದ ಸಿಬಿರು ಒಳಗೆ ಉಳಿದರೆ ನಾಳೆ ಅದು ಎಮ್ಮೆಯ ಹೊಟ್ಟೆಗೆ. ಅದಕ್ಕೇ ಗೋಣಿ ಚೀಲದ ತುಂಬ ಹಳೆ ಬಟ್ಟೆ ಬಿಗಿಯಾಗಿ ತುರುಕಿ, ಮಣ್ಣಿನ ಒಡ್ಡಿಗೆ ಒರಗಿಸುತ್ತೇನೆ. ಖಾಲಿ ಚೀಲ ಮಡಚಿ ತಂದರಾಯಿತು. ಬಟ್ಟೆ ಮುತ್ಯಾನ ಮನೆಯಲ್ಲೇ ಸಿಗುತ್ತದೆ. ಪ್ರತಿ ಸುತ್ತಿಗೂ ಬಾಣ ಎಣಿಸಿಕೊಳ್ಳಬೇಕು. ಉಕ್ಕಿನ ಮೊನೆ ಹೊಲದಲ್ಲಿ ಉಳಿಯಬಾರದು, ದನದ ಗೊರಸಿಗೆ ಚುಚ್ಚುತ್ತದೆ.

ಅಡುಗೆಗೆ ಬರೋಣ. ತೊಗರಿ ಬೇಳೆ ಕುಕ್ಕರ್ ಇಲ್ಲದೆ ಬೇಯುವುದಿಲ್ಲ ಅನ್ನುವವರು ಜಾಸ್ತಿ. ನಮ್ಮ ತೊಗರಿಗೆ 2019ರಲ್ಲಿ ಜಿಐ, ಅಂದರೆ ಇದು ಈ ನೆಲದ್ದೇ ಬೆಳೆ ಅನ್ನುವ ಮಾನ್ಯತೆ ಸಿಕ್ಕಿದೆ, ಅದನ್ನೇ ಬೇಯಿಸಲು ಬರುವುದಿಲ್ಲ ಅಂದರೆ ಹೇಗೆ? ಊರು ಬಿಡುವಾಗಲೇ ಸ್ಟೀಲ್ ಡಬ್ಬಿಯಲ್ಲಿ ಬೇಳೆ, ನೀರು ಹಾಕಿ ಮುಚ್ಚಿ ಚೀಲದಲ್ಲಿಡುತ್ತೇನೆ. ಹೊಲ ಮುಟ್ಟುವಷ್ಟರಲ್ಲಿ ನೆನೆದು ಉಬ್ಬಿರುತ್ತದೆ. ಬೇಯಿಸುವ ನೀರನ್ನೂ ಮನೆಯಿಂದಲೇ ಒಯ್ಯುತ್ತೇನೆ. ಸೇಡಂ, ಚಿತ್ತಾಪುರದ ಕಡೆ ನೆಲದಡಿ ಸುಣ್ಣದ ಕಲ್ಲು, ಬೋರಿನ ನೀರು ಗಡಸು, ಅದರಲ್ಲಿ ಬೇಳೆ ಕಲ್ಲಿನ ಹಾಗೇ ಕೂರುತ್ತದೆ. ಟೊಮೆಟೊ, ಹುಣಸೆಹುಳಿ ಬೇಳೆ ಮೆತ್ತಗಾದ ಮೇಲೆಯೇ. ಹುಳಿ ಮೊದಲೇ ಬಿದ್ದರೆ ಕಟ್ಟಿಗೆ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ.

ಕಟ್ಟಿಗೆಯಲ್ಲೂ ವ್ಯತ್ಯಾಸ ಇದೆ. ತೊಗರಿ ಕಟ್ಟಿಗೆ ಭರ್ರನೆ ಉರಿದು ಬೇಗ ಬೂದಿಯಾಗುತ್ತದೆ, ನೀರು ಕುದಿಸಲು ಅದೇ ಸರಿ. ಹೊತ್ತು ನಿಲ್ಲುವ ಕೆಂಡ ಬೇಕಾದರೆ ಜಾಲಿ. ಸುಡುವುದಕ್ಕೆ ಕುಳ್ಳು. ಒಲೆಗೆ ಹಳ್ಳದಿಂದ ಒದ್ದೆ ಕಲ್ಲು ತರಬಾರದು, ಕಾದಾಗ ಸಿಡಿಯುತ್ತದೆ. ಬೋಗುಣಿಯ ಹೊರಮೈಗೆ ಹಸಿ ಮಣ್ಣು ಬಳಿದಿಟ್ಟರೆ ಮಸಿ ತಿಕ್ಕುವ ಕಷ್ಟ ಇಲ್ಲ. ಇದು ಮುತ್ಯಾನ ಸೊಸೆ ಹೇಳಿಕೊಟ್ಟದ್ದು. ರೊಟ್ಟಿ ತಟ್ಟುವ ಗೋಜಿಗೆ ನಾನು ಹೋಗುವುದಿಲ್ಲ. ಮನೆಯ ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಹಸಿ ಮೆಂತೆ ಸೊಪ್ಪು, ಬಿಸಿ ಬೇಳೆ. ಕಮಲಾಪುರದ ಮೇಲೆ ಹಾದುಬಂದರೆ ಕೆಂಪು ಬಾಳೆಹಣ್ಣು ತಂದು ಸಿಪ್ಪೆ ಸಮೇತ ಕೆಂಡದಲ್ಲಿ ಹೂಳುತ್ತೇನೆ. ಸಿಪ್ಪೆ ಕಪ್ಪಾದಾಗ ಸೀಳಿ ಬೆಲ್ಲ ಉದುರಿಸಿದರೆ ಮುಗಿಯಿತು. ಜನವರಿಯಲ್ಲಿ ಹಾಲುಗಾಳಿನ ಜೋಳ ಇದ್ದರೆ ಇದ್ಯಾವುದೂ ಬೇಡ. ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು ಉಜ್ಜಿದ ಸೀತನಿ ಎದುರಿಗಿರುವಾಗ ಬೇಳೆ ನೆನಪಾಗುವುದಿಲ್ಲ.

ರಾತ್ರಿಯ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು, ಕರೆಂಟಿನ ಕೆಲಸದವನಾಗಿ. ಹಂದಿ ಕಾಟಕ್ಕೆ ಅಂತ ಕೆಲವರು ಬೇಲಿ ತಂತಿಗೆ ನೇರವಾಗಿ ಕರೆಂಟ್ ಬಿಡುತ್ತಾರೆ. ಅಪರಾಧ ಅಂತ ಗೊತ್ತಿದ್ದೂ ಬಿಡುತ್ತಾರೆ. ಹಾವಿಗಿಂತ ನನಗೆ ಅದರ ಹೆದರಿಕೆ. ಬೆಳಕಿರುವಾಗಲೇ ಹೊಲದವರನ್ನು ಜೊತೆಗೆ ಕರೆದುಕೊಂಡು ಅಕ್ಕಪಕ್ಕದ ಬೇಲಿ ನೋಡಿಕೊಳ್ಳಿ. ಕತ್ತಲಾದ ಮೇಲೆ ಒಡ್ಡು ದಾಟಿ ಆಚೆ ಹೋಗಬೇಡಿ.

ಮುತ್ಯಾ ರಾತ್ರಿ ಎದ್ದೇ ಇರುತ್ತಾನೆ, ಪಂಪಿಗೆ ತ್ರೀ ಫೇಸ್ ಕರೆಂಟ್ ಬಂದಾಗ ನೀರು ಬಿಡಬೇಕಲ್ಲ. ನನ್ನ ಬಿಲ್ಲಿನ ಬಗ್ಗೆ ಅವನಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ಹುಡುಗನಾಗಿದ್ದಾಗ ಅಟ್ಟದ ಮೇಲೆ ನಿಂತು ಜೋಳಕ್ಕೆ ಬರುವ ಹಕ್ಕಿಗಳಿಗೆ ಕವಣೆ ಬೀಸಿದವನು. ಹೋದ ಚಳಿಗಾಲದಲ್ಲಿ ನನ್ನ ಬಾಣಗಳು ಗೋಣಿಚೀಲದ ಸುತ್ತ ಒಡ್ಡಿಗೆ ಬೀಳುವುದನ್ನು ನೋಡಿ ನೋಡಿ, ಗುಡಿಸಲಿನಿಂದ ಕವಣೆ ತಂದ. ತಲೆಯ ಮೇಲೆ ಒಂದೆರಡು ಸುತ್ತು ತಿರುಗಿಸಿ ಬಿಟ್ಟ. ಕಲ್ಲು ನೇರ ಚೀಲದ ನಡುವೆ ಧಪ್ ಅಂತ ಬಿತ್ತು. "ಇದಕ್ಕ ಎಷ್ಟ್ ರೊಕ್ಕಾ ಕೊಟ್ಟಿ?" ಅಂತ ಬಿಲ್ಲು ತೋರಿಸಿ ಕೇಳಿದ. ಹೇಳಿದೆ. ಎರಡು ಆಕಳು ಬರ್ತಿದ್ದವು ಅಂದ. ಆದರೆ ಹೆದೆಯ ದಾರ ಮಾತ್ರ ಅವನಿಗೆ ಬಹಳ ಇಷ್ಟವಾಗಿದೆ. ಮುಂದಿನ ಸಲ ಬರುವಾಗ ಅದನ್ನು ಎರಡು ಮೊಳ ಜಾಸ್ತಿ ತರಬೇಕಂತೆ, ಕವಣೆಗೆ.