ಮಾಡಿನ ನೀರು ಬಿದ್ದ ಕಲ್ಲು

ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಯಿತು. ಹಾವಸೆ ಹಿಡಿದ ಮೆಟ್ಟಿಲು ಉಜ್ಜಲು ಕೂತೆ.

ಮುರಕಲ್ಲಿನ ಮೆಟ್ಟಿಲು. ಮಾಡಿನ ನೀರು ಬೀಳುವಲ್ಲಿ ಸಾಲಾಗಿ ಗುಳಿಗಳು. ಒಂದಕ್ಕೆ ಬೆರಳಿಟ್ಟೆ. ಎರಡು ಗೆಣ್ಣು ಒಳಗೆ ಹೋಯಿತು. ತಳದಲ್ಲಿ ನುಣ್ಣಗಿನ ಕೆಂಪು ಮಣ್ಣು. ಅಜ್ಜ ಕಟ್ಟಿಸಿದಾಗ ಇದು ಮಟ್ಟಸವಾಗಿಯೇ ಇದ್ದದ್ದು, ಅಲ್ವಾ?

ಅಷ್ಟರಲ್ಲಿ ಚೀನಾಕ್ಕೆ ಹೋದ ಭಾವನ ಫೋಟೊ ಬಂತು. ಹುನಾನ್ ಪ್ರಾಂತ್ಯದ ಝಾಂಗ್‌ಜಿಯಾಜಿಯೆ. 1982ರಲ್ಲಿ ಚೀನಾದ ಮೊದಲ ರಾಷ್ಟ್ರೀಯ ಅರಣ್ಯ ಉದ್ಯಾನವಾದ ಜಾಗ. ಮಂಜಿನೊಳಗಿಂದ ಎದ್ದು ನಿಂತ ಮರಳುಗಲ್ಲಿನ ಕಂಬಗಳು! ಈ ಉದ್ಯಾನ ಇರುವ ವುಲಿಂಗ್‌ಯುವಾನ್ ಪ್ರದೇಶದಲ್ಲಿ ಇಂಥವು 3000ಕ್ಕೂ ಜಾಸ್ತಿ. ಎಷ್ಟೋ ಕಂಬಗಳು 200 ಮೀಟರಿಗಿಂತ ಎತ್ತರ.

ಯಾರೂ ಕಡೆದು ನಿಲ್ಲಿಸಿದ್ದಲ್ಲ. ಬಿರುಕಿಗೆ ನೀರು ಇಳಿದು, ಚಳಿಗೆ ಹೆಪ್ಪುಗಟ್ಟಿ ಹಿಗ್ಗಿ, ಮರದ ಬೇರು ಹೊಕ್ಕು, ಕಲ್ಲು ಕಳಚಿ ಬಿದ್ದು ಉಳಿದದ್ದು. ನಮ್ಮ ಮೆಟ್ಟಿಲು ಕೊರೆದ ನೀರೇ ಅಲ್ಲಿಯೂ ಕೂತು ಕೆಲಸ ಮಾಡಿದೆ ಅನ್ನಿಸಿ ಮೈ ಜುಂ ಎಂದಿತು.

ಫೋಟೊ ದೊಡ್ಡದು ಮಾಡಿ ನೋಡಿದೆ. ಕಂಬದ ಮೈಯಲ್ಲಿ ಅಡ್ಡ ಗೆರೆಗಳು, ಪದರದ ಮೇಲೆ ಪದರ. ಒಂದು ಬಿರುಕಿನಲ್ಲಿ ಪುಟ್ಟ ಮರ, ನಮ್ಮ ದರೆಯಲ್ಲಿ ಹುಟ್ಟಿದ ಗೋಳಿ ಗಿಡದ ಹಾಗೆಯೇ.

"ಅಲ್ಲಿ ಮಳೆ ಉಂಟಾ ಭಾವ?" ಕೇಳಿದೆ.

"ನಮ್ಮ ಬದಿಯಡ್ಕದ ಹಾಗೇ. ಧೋ ಅಂತ ಸುರೀತಾ ಉಂಟು" ಅಂದರು.

ಮಧ್ಯಾಹ್ನ ಅಮ್ಮ ಗುಳಿಗಳಿಗೆ ಸಿಮೆಂಟು ತುಂಬಿಸುವ ಅಂದರು. ಬೇಡಮ್ಮಾ, ಇರಲಿ ಅಂದೆ.

ಈಗ ಮತ್ತೆ ಮಳೆ. ಒಂದೊಂದು ಗುಳಿಗೆ ಬೀಳುವ ಹನಿಗೆ ಒಂದೊಂದು ಸದ್ದು. ಜಗಲಿಯಲ್ಲಿ ಸುಮ್ನೆ ಕೇಳ್ತಾ ಕೂತಿದ್ದೇನೆ.