ಬೆಂಗಳೂರಲ್ಲಿ ಮನೆ ರೇಟು ಇಳಿಯೋವರೆಗೂ ಕಾಯಬೇಕಾ?

ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಬರುತ್ತದೆ, ರಾತ್ರಿ ಹತ್ತರ ಮೇಲೆ ಫೋನಿನಲ್ಲೂ ಬರುತ್ತದೆ. "ಅಣ್ಣಾ, ಬೆಂಗಳೂರಲ್ಲಿ ರೇಟು ಇಳಿಯುತ್ತಾ? ಈಗಲೇ ತಗೊಳ್ಳೋದಾ, ಇನ್ನೆರಡು ವರ್ಷ ನೋಡೋದಾ?" ನಾನು ಬ್ರೋಕರ್ ಅಲ್ಲ, ಬ್ಯಾಂಕಿನವನೂ ಅಲ್ಲ. ಬಹಳ ವರ್ಷ ಬಾಡಿಗೆ ಮನೆಯಲ್ಲಿದ್ದೆ, ಈಗ ಸಾಲದ ಫ್ಲಾಟಿನಲ್ಲಿದ್ದೇನೆ. ಕರೆದವರ ಜೊತೆ ಮನೆ ನೋಡಲು ಸಾಕಷ್ಟು ಸುತ್ತಿದ್ದೇನೆ. ಅಷ್ಟರ ಮೇಲೆ ಹೇಳುತ್ತೇನೆ.

ಇಳಿಯುತ್ತೆ ಅಂತ ಕಾಯಬೇಡಿ. ಹಾಗಂತ ಏರುತ್ತೆ ಅನ್ನೋ ಭಯಕ್ಕೆ ನಾಳೆಯೇ ಅಡ್ವಾನ್ಸ್ ಕೊಡಲೂ ಬೇಡಿ. ಕನಿಷ್ಠ ಹತ್ತು ವರ್ಷ ಅದೇ ಮನೆಯಲ್ಲಿ ವಾಸ ಮಾಡುತ್ತೀರಾದರೆ ಮಾತ್ರ ತಗೊಳ್ಳಿ.

ಇಳಿಯೋದು ಕಷ್ಟ ಯಾಕೆ ಅಂದರೆ, ಬರುವ ಜನ ನಿಂತಿಲ್ಲ. 2001ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಸುಮಾರು 65 ಲಕ್ಷ ಜನ ಇದ್ದರು. 2011ಕ್ಕೆ ಅದು 96 ಲಕ್ಷ ಆಯಿತು. ಹತ್ತು ವರ್ಷದಲ್ಲಿ 31 ಲಕ್ಷ ಜನ ಜಾಸ್ತಿ! ಇನ್ನೊಂದು ವಿಷಯ, ನಮ್ಮಲ್ಲಿ ಬೆಲೆ ಇಳಿಯುವ ರೀತಿಯೇ ಬೇರೆ. ಮನೆ ಮಾರುವವನಿಗೆ ಅರ್ಜೆಂಟ್ ಇಲ್ಲದಿದ್ದರೆ ಅವನು ರೇಟು ಇಳಿಸುವುದಿಲ್ಲ, ಬೀಗ ಹಾಕಿ ಸುಮ್ನೆ ಕೂರುತ್ತಾನೆ. 2016ರ ನೋಟು ರದ್ದತಿ ಆದ ಮೇಲೆ ಕೆಲವು ವರ್ಷ ಹಾಗೇ ಆಯಿತು. ರೇಟು ಕುಸಿಯಲಿಲ್ಲ, ನಿಂತಲ್ಲೇ ನಿಂತಿತು. ಆ ಹೊತ್ತಿಗೆ ಸಂಬಳ ಏರಿದವರಿಗೆ ಮನೆ ಸ್ವಲ್ಪ ಹತ್ತಿರ ಬಂತು, ಅಷ್ಟೇ. 2020ರಲ್ಲಿ ಕೋವಿಡ್ ಬಂದು ಐಟಿ ಹುಡುಗರು ಊರಿಗೆ ಹೋದಾಗ ಬಾಡಿಗೆ ಇಳಿಯಿತು, ಟು-ಲೆಟ್ ಬೋರ್ಡುಗಳು ತಿಂಗಳುಗಟ್ಟಲೆ ನೇತಾಡಿದವು. ಆಫೀಸು ತೆರೆದ ಮೇಲೆ ಆ ಬಾಡಿಗೆಯೂ ಹಿಂದಿನದನ್ನು ದಾಟಿ ಹೋಯಿತು.

ಈಗ ಲೆಕ್ಕಕ್ಕೆ ಬರೋಣ. ನನ್ನನ್ನು ಕೇಳುವವರಲ್ಲಿ ಜಾಸ್ತಿ ಜನ ಈ ಲೆಕ್ಕ ಹಾಕಿರುವುದೇ ಇಲ್ಲ.

ಒಂದು ಕೋಟಿಯ ಫ್ಲಾಟು ಅಂದುಕೊಳ್ಳಿ. ಬ್ಯಾಂಕು ಹೆಚ್ಚೆಂದರೆ 75 ಲಕ್ಷ ಕೊಡುತ್ತದೆ. 25 ಲಕ್ಷ ನಿಮ್ಮ ಕೈಯಿಂದ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ 1 ಪರ್ಸೆಂಟ್‌ನಿಂದ 2 ಪರ್ಸೆಂಟ್‌ಗೆ ಏರಿದೆ. ಅದೂ, ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ 7.6 ಪರ್ಸೆಂಟ್, ಅಂದರೆ ಇನ್ನೂ 7 ಲಕ್ಷ 60 ಸಾವಿರ. ಕಟ್ಟುತ್ತಿರುವ ಫ್ಲಾಟಾದರೆ 5 ಪರ್ಸೆಂಟ್ ಜಿಎಸ್‌ಟಿ ಬೇರೆ. 75 ಲಕ್ಷಕ್ಕೆ 8.5 ಪರ್ಸೆಂಟ್ ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು ಸುಮಾರು 65,100 ರೂಪಾಯಿ. ಮೊದಲ ವರ್ಷ ನೀವು ಕಟ್ಟುವ 7 ಲಕ್ಷ 81 ಸಾವಿರದಲ್ಲಿ ಅಸಲಿಗೆ ಹೋಗುವುದು ಬರೀ 1 ಲಕ್ಷ 49 ಸಾವಿರ. ಉಳಿದದ್ದೆಲ್ಲ ಬಡ್ಡಿ. ಅಂಥದೇ ಮನೆ 30 ಸಾವಿರಕ್ಕೆ ಬಾಡಿಗೆಗೆ ಸಿಗುತ್ತದೆ ಅಂದರೆ, ಸ್ವಂತ ಮನೆಗೆ ನೀವು ತಿಂಗಳಿಗೆ 35 ಸಾವಿರ ಜಾಸ್ತಿ ಕೊಡುತ್ತಿದ್ದೀರಿ. ಹಾಗಾಗಿ "ಬಾಡಿಗೆ ದುಡ್ಡು ದಂಡ" ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಬ್ಯಾಂಕಿಗೆ ಕಟ್ಟುವ ಬಡ್ಡಿಯೂ ವಾಪಸ್ ಬರುವುದಿಲ್ಲ ಅಲ್ವಾ? ಮೂರು-ನಾಲ್ಕು ವರ್ಷಕ್ಕೆ ಕೆಲಸ ಬದಲಿಸಿ ಊರಿನ ಇನ್ನೊಂದು ತುದಿಗೆ ಹೋಗುವವರು ಈ ಲೆಕ್ಕದಲ್ಲಿ ಗೆಲ್ಲುವುದು ಕಷ್ಟ.

ಆದರೂ ನಾನು ತಗೊಂಡೆ. ಮಗಳ ಶಾಲೆ ಒಂದೇ ಕಡೆ ಇರಲಿ ಅಂತ. 11 ತಿಂಗಳಿಗೊಮ್ಮೆ ಅಗ್ರಿಮೆಂಟು, ಹತ್ತು ತಿಂಗಳ ಅಡ್ವಾನ್ಸು, ಖಾಲಿ ಮಾಡುವಾಗ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು, ಇದೆಲ್ಲ ನಮ್ಮನ್ನು ಸುಸ್ತು ಮಾಡಿತ್ತು. ನೆಮ್ಮದಿಗೆ ಅಂತ 35 ಸಾವಿರ ಕೊಡುವ ಶಕ್ತಿ ಇದ್ದರೆ ಕೊಡಿ, ತಪ್ಪಿಲ್ಲ. ಅದನ್ನು ಲಾಭ ಅಂತ ಬರೆದುಕೊಳ್ಳಬೇಡಿ.

ತಗೊಳ್ಳುವುದೇ ಅಂತಾದರೆ, ನೀರು ನೋಡಿ. ರೇಟಿಗಿಂತ ಮೊದಲು ನೀರು. 2024ರ ಬೇಸಿಗೆ ನೆನಪಿದೆಯಾ? ಬೋರುಗಳು ಸಾವಿರಗಟ್ಟಲೆ ಬತ್ತಿದವು. ಕೋಟಿ ಕೊಟ್ಟು ಮನೆ ತಗೊಂಡವರು ಟ್ಯಾಂಕರಿನ ದಾರಿ ಕಾಯುತ್ತಾ ನಿಂತಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು, ಹಿಂದೆ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಒಳ್ಳೆಯದೇ ಆಯಿತು. ಆದರೆ ನೀವು ನೋಡುತ್ತಿರುವ ಕಟ್ಟಡಕ್ಕೆ ಕನೆಕ್ಷನ್ ಬಂದಿದೆಯಾ? ಇದನ್ನು ಸೇಲ್ಸ್‌ನವರನ್ನು ಕೇಳಬೇಡಿ. ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಹತ್ತಿರ ಹೋಗಿ, ಏಪ್ರಿಲ್‌ನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ ಅಂತ ಕೇಳಿ. ಅಲ್ಲಿ ವಾಸ ಇರುವವರ ಮೇಂಟೆನೆನ್ಸ್ ಬಿಲ್ಲು ತೋರಿಸಲು ಹೇಳಿ. ಮಳೆಗಾಲದಲ್ಲಿ ಇನ್ನೊಮ್ಮೆ ಹೋಗಿ ಬನ್ನಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದರು. ರಾಜಕಾಲುವೆ, ಅಂದರೆ ಮಳೆನೀರಿನ ದೊಡ್ಡ ಕಾಲುವೆ, ಎಲ್ಲಿ ಹರಿಯುತ್ತದೆ ಅಂತ ಹಳೇ ಊರಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೆಟ್ರೋ ಬಗ್ಗೆ ಒಂದೇ ಮಾತು. ಹಳದಿ ಮಾರ್ಗ ಬೊಮ್ಮಸಂದ್ರದವರೆಗೆ ಓಡಲು ಶುರುವಾದದ್ದು 2025ರ ಆಗಸ್ಟಿನಲ್ಲಿ. ಆದರೆ ಆ ದಾರಿಯ ಮನೆಗಳನ್ನು ವರ್ಷಗಳ ಮೊದಲೇ ಮೆಟ್ರೋ ಹೆಸರು ಹೇಳಿ ಮಾರಿದ್ದರು. ರೈಲು ಓಡುತ್ತಿರುವ ಕಡೆ ತಗೊಳ್ಳಿ, ಪಿಲ್ಲರ್ ನೋಡಿ ದುಡ್ಡು ಕೊಡಬೇಡಿ.

ಕಾಗದ ಪತ್ರದಲ್ಲಿ ಮಾತ್ರ ಯಾವ ರಾಜಿಯೂ ಬೇಡ. 2024ರ ಅಕ್ಟೋಬರಿನಿಂದ ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ ದಾಖಲೆ) ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ನಿಯಮದಂತೆ ಇರುವ ಆಸ್ತಿಯ ಎ ಖಾತಾನೋ, ಕೊರತೆ ಇರುವ ಆಸ್ತಿಯ ಬಿ ಖಾತಾನೋ, ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಬಂದಿದೆಯಾ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇದೆಯಾ, ಇಸಿಯಲ್ಲಿ (ಋಣಭಾರ ಪತ್ರ) ಏನಿದೆ, ಎಲ್ಲ ನೋಡಿ. ಮೆಟ್ಟಿಲು, ಲಿಫ್ಟು ಎಲ್ಲ ಸೇರಿಸುವ ಸೂಪರ್ ಬಿಲ್ಟಪ್ ಲೆಕ್ಕ ಬಿಟ್ಟು, ಮನೆಯೊಳಗಿನ ಕಾರ್ಪೆಟ್ ಏರಿಯಾಕ್ಕೆ ಚದರಡಿ ರೇಟು ಎಷ್ಟಾಯಿತು ಅಂತ ಭಾಗಿಸಿ ನೋಡಿ. ವಕೀಲರು ನೀವು ಹುಡುಕಿ, ನೀವೇ ಫೀಸು ಕೊಟ್ಟವರಾಗಿರಲಿ. ಬಿಲ್ಡರ್ ತೋರಿಸಿದವರು ಬೇಡ.

ಹೋದ ತಿಂಗಳು ಚಿಕ್ಕಪ್ಪನ ಮಗನ ಜೊತೆ ವರ್ತೂರು ಕಡೆ ಒಂದು ಫ್ಲಾಟು ನೋಡಿ ಬಂದೆ. ಗಾಳಿ ಬೆಳಕು ಚೆನ್ನಾಗಿದೆ, ಅವನ ಹೆಂಡತಿಗೆ ಅಡುಗೆಮನೆ ಬಹಳ ಹಿಡಿಸಿತು. ಗೇಟಿನ ಹತ್ತಿರ ನಿಂತು ವಾಚ್‌ಮನ್‌ಗೆ ಟ್ಯಾಂಕರ್ ವಿಷಯ ಕೇಳಿದೆವು. "ಈಗ ಮೂರು ಬರ್ತಾವೆ ಸರ್, ಬೇಸಿಗೆಗೆ ನೀವೇ ಬಂದು ನೋಡಿ" ಅಂದ. ತಮ್ಮ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ. ಏಪ್ರಿಲ್ ಎರಡನೇ ವಾರ ಮತ್ತೆ ಹೋಗುತ್ತಿದ್ದೇವೆ.